ನಿಮಗೆ ಹೇಗೆ ಗೊತ್ತು? ಸುದ್ದಿ ಬರೆಯಲು ಕಲಿಯುವವರಿಗೆ ಒಂದು ಮಾರ್ಗದರ್ಶಿ

ಸುದ್ದಿ ಬರೆಯಲು ಕಲಿಯಬೇಕು ಅಂತ ಬರುವವರು ಹೆಚ್ಚಾಗಿ ಕೇಳುವುದು ಭಾಷೆಯ ಬಗ್ಗೆ. ತಲೆಬರಹ ಹೇಗಿರಬೇಕು, ಮೊದಲ ಸಾಲು ಹೇಗೆ ಶುರುವಾಗಬೇಕು, ಎಷ್ಟು ಪದ ಸಾಕು. ಇವೆಲ್ಲ ಕೆಲವೇ ತಿಂಗಳಲ್ಲಿ ಕೈಗೆ ಹತ್ತುತ್ತವೆ. ಕಷ್ಟ ಇರುವುದು ಬೇರೆ ಕಡೆ. ನೀವು ಬರೆದ ಯಾವುದೇ ಸಾಲಿನ ಮೇಲೆ ಉಪಸಂಪಾದಕರು ಬೆರಳಿಟ್ಟು "ಇದು ನಿಮಗೆ ಹೇಗೆ ಗೊತ್ತು?" ಅಂತ ಕೇಳಬಹುದು. ಆಗ ಉತ್ತರ ಇರಬೇಕು. ನಾನೇ ನೋಡಿದೆ, ಇಂಥವರು ಹೇಳಿದರು, ಈ ಕಾಗದದಲ್ಲಿದೆ. ಈ ಮೂರರಲ್ಲಿ ಒಂದು. "ಎಲ್ಲರೂ ಹಾಗಂತಾರೆ" ಅನ್ನುವುದು ಉತ್ತರವಲ್ಲ.

ಈ ಲೇಖನ ಪೂರ್ತಿ ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಹೋಗುತ್ತದೆ. ವಿಷಯ ಗಾಳಿಯಲ್ಲಿ ತೇಲಬಾರದು ಅಂತ ಒಂದು ಕಾಲ್ಪನಿಕ ಉದಾಹರಣೆಯನ್ನೂ ಜೊತೆಗಿಟ್ಟುಕೊಳ್ಳೋಣ. ಒಂದು ಊರಿನ ನಗರಸಭೆ ಸಭೆ ಸೇರುತ್ತದೆ, ಹತ್ತಾರು ವಿಷಯಗಳ ನಡುವೆ ಸಾರ್ವಜನಿಕ ಗ್ರಂಥಾಲಯದ ಸಮಯ ಬದಲಿಸಲು ತೀರ್ಮಾನಿಸುತ್ತದೆ. ನಿಮ್ಮ ಕೈಗೆ ಒಂದು ಪ್ರೆಸ್ ನೋಟ್ ಬರುತ್ತದೆ: "ಓದುಗರ ಅನುಕೂಲಕ್ಕಾಗಿ ಗ್ರಂಥಾಲಯದ ಸಮಯವನ್ನು ಮರುಹೊಂದಿಸಲಾಗಿದೆ."

ಹಂತ 1: ಇದರಲ್ಲಿ ಸುದ್ದಿ ಯಾವುದು?

ಪಠ್ಯಪುಸ್ತಕಗಳು ಸುದ್ದಿಯ ಲಕ್ಷಣಗಳನ್ನು ಪಟ್ಟಿ ಮಾಡುತ್ತವೆ. ಹೊಸದಾಗಿರಬೇಕು, ಹತ್ತಿರದ್ದಾಗಿರಬೇಕು, ಜನರ ಮೇಲೆ ಪರಿಣಾಮ ಬೀರಬೇಕು, ಗೊತ್ತಿರುವ ವ್ಯಕ್ತಿ ಇರಬೇಕು, ಜಗಳ ಇರಬೇಕು, ವಿಚಿತ್ರವಾಗಿರಬೇಕು. ಪಟ್ಟಿ ಸರಿಯಾಗಿಯೇ ಇದೆ. ಆದರೆ ಹೊಸಬರು ಕೊನೆಯ ಮೂರಕ್ಕೆ ಬೇಗ ಮರುಳಾಗುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಪರಿಣಾಮ. ನಾಳೆಯಿಂದ ಯಾರ ಬದುಕಿನಲ್ಲಿ ಏನು ಬದಲಾಗುತ್ತದೆ?

ಇನ್ನೊಂದು ಗೊಂದಲ ಜಾಸ್ತಿ ಕಾಣುತ್ತದೆ. "ಗ್ರಂಥಾಲಯಗಳ ಸ್ಥಿತಿಗತಿ" ಒಂದು ವಿಷಯ. "ಗ್ರಂಥಾಲಯ ಇನ್ನು ಮೂರು ಗಂಟೆ ಬೇಗ ಮುಚ್ಚುತ್ತದೆ" ಒಂದು ಸುದ್ದಿ. ಎರಡನೆಯದರಲ್ಲಿ ಏನೋ ಆಗಿದೆ. ನಿಮ್ಮ ಹತ್ತಿರ ಇರುವುದು ವಿಷಯವೋ ಸುದ್ದಿಯೋ ಅಂತ ತಿಳಿಯಲು ಸುಲಭದ ದಾರಿ ಇದೆ. ಗೆಳೆಯರೊಬ್ಬರಿಗೆ ಫೋನಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ನೋಡಿ. ಅವರು "ಹೌದಾ? ಯಾವಾಗಿನಿಂದ?" ಅಂದರೆ ಸುದ್ದಿ ಇದೆ. "ಹ್ಞೂಂ, ಆಮೇಲೆ?" ಅಂದರೆ ಇನ್ನೂ ಹುಡುಕಬೇಕು.

ನಮ್ಮ ಪ್ರೆಸ್ ನೋಟಿನಲ್ಲಿ "ಅನುಕೂಲ" ಅಂತಿದೆ, "ಮರುಹೊಂದಿಸಲಾಗಿದೆ" ಅಂತಿದೆ. ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ಮಾತ್ರ ಇಲ್ಲ. ಪ್ರೆಸ್ ನೋಟ್ ಓದುವಾಗ ಅದರಲ್ಲಿ ಏನಿಲ್ಲ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸುದ್ದಿ ಎಷ್ಟೋ ಸಲ ಅಲ್ಲೇ ಇರುತ್ತದೆ.

ಹಂತ 2: ಹೊರಡುವ ಮುಂಚೆ

ಇದಕ್ಕೆ ಅರ್ಧ ಗಂಟೆ ಸಾಕು, ಆದರೂ ತಪ್ಪಿಸುವವರೇ ಹೆಚ್ಚು. ಹಿಂದೆ ಇದೇ ವಿಷಯದಲ್ಲಿ ಏನು ಬಂದಿದೆ ಅಂತ ಓದಿ. ಸಭೆ ಇದ್ದರೆ ಕಾರ್ಯಸೂಚಿಯ ಪ್ರತಿ ಮೊದಲೇ ತರಿಸಿಕೊಳ್ಳಿ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅನ್ನುವ ಆರು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಈಗಾಗಲೇ ಗೊತ್ತಿರುವುದನ್ನು ತುಂಬಿ. ಖಾಲಿ ಉಳಿದದ್ದೇ ನಿಮ್ಮ ಅವತ್ತಿನ ಕೆಲಸ. ಮೊದಲ ನಾಲ್ಕು ಬೇಗ ತುಂಬುತ್ತವೆ. ಯಾಕೆ ಮತ್ತು ಹೇಗೆ ಸತಾಯಿಸುತ್ತವೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ನೋಟ್‌ಬುಕ್ ಬಿಡಬೇಡಿ. ಎರಡು ಗಂಟೆಯ ರೆಕಾರ್ಡಿಂಗಿನಲ್ಲಿ ಒಂದು ಸಾಲು ಹುಡುಕುವಷ್ಟರಲ್ಲಿ ಡೆಡ್‌ಲೈನ್ ಮುಗಿದಿರುತ್ತದೆ. ಮುಖ್ಯ ಮಾತು ಬಂದಾಗ ಅದರ ಪಕ್ಕ ರೆಕಾರ್ಡಿಂಗಿನ ಸಮಯ ಗುರುತು ಹಾಕಿಕೊಂಡರೆ ಆಮೇಲೆ ಆರಾಮ. ನೋಟ್‌ಬುಕ್ಕಿನಲ್ಲಿ ಅವರು ಹೇಳಿದ್ದನ್ನು ಒಂದು ಬದಿಗೂ ನೀವು ನೋಡಿದ್ದನ್ನು ಇನ್ನೊಂದು ಬದಿಗೂ ಬರೆಯಿರಿ. ಎರಡೂ ಕಲಸಿಹೋದರೆ "ಹೇಗೆ ಗೊತ್ತು" ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಕಳೆದುಹೋಗುತ್ತದೆ.

ಹಂತ 3: ಮಾತಾಡಿಸುವುದು

ಸಂದರ್ಶನ ಅಂದರೆ ಟೀವಿಯಲ್ಲಿ ಕಾಣುವ ಜಟಾಪಟಿ ಅಂದುಕೊಂಡವರು ತುಂಬಾ ಜನ. ಕೆಲಸಕ್ಕೆ ಬರುವ ಸಂದರ್ಶನ ಬಹುಪಾಲು ಸಪ್ಪೆಯಾಗಿರುತ್ತದೆ. ಸಣ್ಣ ಪ್ರಶ್ನೆ, ಉದ್ದ ಉತ್ತರ, ಮತ್ತೆ ಸಣ್ಣ ಪ್ರಶ್ನೆ. ಪ್ರಶ್ನೆಗಿಂತ ಪೀಠಿಕೆ ಉದ್ದವಾದರೆ ಎದುರಿನವರು ಪೀಠಿಕೆಗೆ ಉತ್ತರ ಕೊಟ್ಟು ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಾರೆ. ಎರಡು ಪ್ರಶ್ನೆ ಒಟ್ಟಿಗೆ ಕೇಳಿದರೂ ಅಷ್ಟೇ. ಸುಲಭದ್ದನ್ನು ಆರಿಸಿಕೊಂಡು ಕಷ್ಟದ್ದನ್ನು ಮರೆತಂತೆ ಮಾಡುತ್ತಾರೆ.

ನಮ್ಮ ಉದಾಹರಣೆಯಲ್ಲಿ ನೀವು ಆಯುಕ್ತರನ್ನು ಭೇಟಿಯಾಗುತ್ತೀರಿ ಅಂದುಕೊಳ್ಳಿ.

"ಸರ್, ಸಮಯ ಕಡಿಮೆ ಮಾಡಿದ್ದು ಯಾಕೆ?"

"ಸಂಜೆ ಹೊತ್ತು ಯಾರೂ ಬರಲ್ಲ. ಸುಮ್ನೆ ಲೈಟು, ಸಿಬ್ಬಂದಿ ಖರ್ಚು."

"ಯಾರೂ ಬರಲ್ಲ ಅಂತ ಹೇಗೆ ಗೊತ್ತಾಯ್ತು?"

"ಎಲ್ಲರಿಗೂ ಗೊತ್ತಿರೋ ವಿಷಯ ಅಲ್ವೇನ್ರೀ ಅದು."

"ಲೆಕ್ಕ ಏನಾದ್ರೂ ಇಟ್ಟಿದ್ದೀರಾ ಸರ್?"

"ಬಾಗಿಲ ಹತ್ರ ರಿಜಿಸ್ಟರ್ ಇದೆ. ಬಂದವರು ಸಹಿ ಮಾಡ್ತಾರೆ."

"ಅದನ್ನ ನಾನು ನೋಡಬಹುದಾ?"

ಇಲ್ಲಿ ಯಾರೂ ದನಿ ಏರಿಸಲಿಲ್ಲ. ವರದಿಗಾರರು ತಮ್ಮ ಅಭಿಪ್ರಾಯ ಹೇಳಲಿಲ್ಲ. "ಎಲ್ಲರಿಗೂ ಗೊತ್ತು" ಅನ್ನುವಲ್ಲಿಗೆ ನಿಲ್ಲಿಸಿದ್ದರೆ ಪ್ರೆಸ್ ನೋಟಿನಲ್ಲಿದ್ದದ್ದೇ ಅಚ್ಚಾಗುತ್ತಿತ್ತು. ಇನ್ನೊಂದು ಹೆಜ್ಜೆ ಹೋದದ್ದಕ್ಕೆ ಒಂದು ರಿಜಿಸ್ಟರ್ ಸಿಕ್ಕಿತು. ಅಭಿಪ್ರಾಯದಿಂದ ದಾಖಲೆಯ ಕಡೆಗೆ ಮಾತನ್ನು ತಿರುಗಿಸುವುದೇ ಸಂದರ್ಶನದ ದೊಡ್ಡ ಕೆಲಸ.

ಮಾತಿನ ಮಧ್ಯೆ ಮೌನ ಬಂದರೆ ತುಂಬಲು ಹೋಗಬೇಡಿ. ಎದುರಿನವರೇ ತುಂಬುತ್ತಾರೆ, ಮತ್ತು ಆಗ ಹೇಳುವುದು ಹೆಚ್ಚಾಗಿ ಮೊದಲು ಹೇಳಿದ್ದಕ್ಕಿಂತ ಉಪಯುಕ್ತವಾಗಿರುತ್ತದೆ. ಏಳುವ ಮುಂಚೆ ಎರಡು ಪ್ರಶ್ನೆ ತಪ್ಪದೇ ಕೇಳಿ: "ನಾನು ಕೇಳದೇ ಬಿಟ್ಟದ್ದು ಏನಾದ್ರೂ ಇದೆಯಾ?" ಮತ್ತು "ಇದರ ಬಗ್ಗೆ ಇನ್ಯಾರನ್ನ ಮಾತಾಡಿಸಬೇಕು?" ಆಮೇಲೆ ಹೆಸರಿನ ಕಾಗುಣಿತ, ಇನಿಷಿಯಲ್, ಹುದ್ದೆ. ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಇಡೀ ವರದಿ ಸರಿಯಿದ್ದು ಹೆಸರೊಂದು ತಪ್ಪಾದರೆ, ಆ ಮನುಷ್ಯ ಮಿಕ್ಕಿದ್ದನ್ನೂ ನಂಬುವುದಿಲ್ಲ.

"ಆಫ್ ದಿ ರೆಕಾರ್ಡ್" ಅನ್ನುವ ಮಾತು ಬಂದಾಗ ಹುಷಾರು. ಇದಕ್ಕೆ ಎಲ್ಲರೂ ಒಂದೇ ಅರ್ಥ ಹಚ್ಚುವುದಿಲ್ಲ. ಕೆಲವರಿಗೆ ಹೆಸರು ಹಾಕಬೇಡಿ ಅಂತ, ಕೆಲವರಿಗೆ ಬರೆಯಲೇಬೇಡಿ ಅಂತ. ಹಾಗಾಗಿ ಅವರು ಹೇಳುವ ಮುಂಚೆಯೇ ಕೇಳಿ: "ಈ ಮಾಹಿತಿ ಬಳಸಬಹುದಾ? ನಿಮ್ಮ ಹೆಸರು ಹಾಕಬಹುದಾ? ಹೆಸರಿಲ್ಲದೆ ಇಲಾಖೆಯವರು ಅಂತ ಹಾಕಬಹುದಾ?" ಒಪ್ಪಂದ ಮಾತಿಗಿಂತ ಮೊದಲು ಆಗಬೇಕು. ಎಲ್ಲ ಹೇಳಿ ಮುಗಿಸಿ "ಇದು ಆಫ್ ದಿ ರೆಕಾರ್ಡ್ ಆಯ್ತಾ" ಅಂದರೆ ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಮಾಧ್ಯಮದ ಜೊತೆ ಮಾತಾಡಿ ರೂಢಿಯೇ ಇಲ್ಲದ ಸಾಮಾನ್ಯರ ವಿಷಯದಲ್ಲಿ ಮೆದುವಾಗಿರಿ. ನಿತ್ಯ ಮೈಕಿನ ಮುಂದೆ ನಿಲ್ಲುವ ರಾಜಕಾರಣಿಗೂ ಅವರಿಗೂ ಒಂದೇ ಅಳತೆ ಸಲ್ಲದು. ಒಮ್ಮೆ ಹೆಸರು ಗುಟ್ಟಾಗಿಡುತ್ತೇನೆ ಅಂತ ಮಾತು ಕೊಟ್ಟರೆ ಮುಗಿಯಿತು, ಅದನ್ನು ಮುರಿಯುವಂತಿಲ್ಲ.

ಹಂತ 4: ಪರಿಶೀಲನೆ

1948ರ ನವೆಂಬರ್ 3ರಂದು ಅಮೆರಿಕದ ಚಿಕಾಗೊ ಡೈಲಿ ಟ್ರಿಬ್ಯೂನ್ ಪತ್ರಿಕೆಯ ಮೊದಲ ಮುದ್ರಣದ ತಲೆಬರಹ, ಅಧ್ಯಕ್ಷ ಚುನಾವಣೆಯಲ್ಲಿ ಟ್ರೂಮನ್ ಅವರನ್ನು ಡ್ಯೂಯಿ ಸೋಲಿಸಿದರು ಅಂತ ಸಾರಿತು. ಗೆದ್ದದ್ದು ಟ್ರೂಮನ್. ಅವರು ಅದೇ ಪತ್ರಿಕೆಯನ್ನು ನಗುತ್ತಾ ಎತ್ತಿ ಹಿಡಿದ ಫೋಟೊ ಇವತ್ತಿಗೂ ಪತ್ರಿಕೋದ್ಯಮದ ತರಗತಿಗಳಲ್ಲಿ ಓಡಾಡುತ್ತದೆ. ಈ ಕಥೆಯನ್ನು ಹೇಳಿ ಎಲ್ಲರೂ ನಗುತ್ತಾರೆ, ಅದು ಹೇಗಾಯಿತು ಅಂತ ಕೇಳುವವರು ಕಡಿಮೆ. ಮುದ್ರಣ ಕಾರ್ಮಿಕರ ಮುಷ್ಕರದಿಂದಾಗಿ ಪತ್ರಿಕೆ ಎಂದಿಗಿಂತ ಕೆಲವು ಗಂಟೆ ಮುಂಚೆ ಅಚ್ಚಿಗೆ ಹೋಗಬೇಕಿತ್ತು. ಎಣಿಕೆ ಇನ್ನೂ ನಡೆಯುತ್ತಿತ್ತು. ಸಮೀಕ್ಷೆಗಳೆಲ್ಲ ಡ್ಯೂಯಿ ಗೆಲ್ಲುತ್ತಾರೆ ಅಂದಿದ್ದವು, ಪತ್ರಿಕೆಯ ಅನುಭವಿ ವರದಿಗಾರರೂ ಹಾಗೇ ಅಂದಾಜು ಮಾಡಿದರು. ಅಂದಾಜು ತಲೆಬರಹವಾಯಿತು. ಅವಸರ, ಮತ್ತು ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ ಅನ್ನುವ ಧೈರ್ಯ. ಇವೆರಡು ಒಟ್ಟಿಗೆ ಸೇರಿದ ದಿನ ನೀವು ಜಾಸ್ತಿ ಎಚ್ಚರದಿಂದಿರಬೇಕು.

ಒಂದು ವಿಷಯವನ್ನು ಕನಿಷ್ಠ ಎರಡು ಕಡೆ ಖಚಿತ ಮಾಡಿಕೊಳ್ಳಿ ಅನ್ನುವುದು ಹಳೆಯ ಪಾಠ. ಇಲ್ಲಿ ಒಂದು ಹೊಂಡ ಇದೆ. ಎರಡು ವೆಬ್‌ಸೈಟಿನಲ್ಲಿ ಬಂದರೆ ಎರಡು ಮೂಲ ಆಗಲಿಲ್ಲ. ಎರಡನೆಯವರು ಮೊದಲಿನವರಿಂದ ನಕಲು ಮಾಡಿರಬಹುದು. ಇಬ್ಬರೂ ಒಬ್ಬನೇ ವ್ಯಕ್ತಿಯ ಬಾಯಿಂದ ಕೇಳಿರಬಹುದು. ಮೂಲದ ತನಕ ಹೋಗಿ ಎರಡು ದಾರಿಗಳೂ ಬೇರೆ ಬೇರೆ ಅಂತ ಕಂಡರೆ ಮಾತ್ರ ಅವು ಎರಡು.

ಫೋಟೊ, ವಿಡಿಯೊ ಬಂದಾಗ ಮೊದಲು ಕೇಳಬೇಕಾದ್ದು ಇದನ್ನು ತೆಗೆದವರು ಯಾರು ಅಂತ, ಕಳಿಸಿದವರು ಯಾರು ಅಂತ ಅಲ್ಲ. ಚಿತ್ರ ಕೊಟ್ಟು ಚಿತ್ರ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐ ಬಳಸಿ ಅದೇ ಚಿತ್ರ ಹಿಂದೆ ಎಲ್ಲಾದರೂ ಬಂದಿದೆಯಾ ನೋಡಿ. ಹಳೆಯ ಪ್ರವಾಹದ ಚಿತ್ರವನ್ನು ಹೊಸ ಮಳೆಗೆ ಹಚ್ಚುವುದು ದಿನನಿತ್ಯ ನಡೆಯುವ ಮೋಸ. ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರ್ ಪ್ಲೇಟ್, ನೆರಳಿನ ದಿಕ್ಕು, ಜನ ತೊಟ್ಟ ಬಟ್ಟೆ, ಇವೆಲ್ಲ ಸಾಕ್ಷಿ ಹೇಳುತ್ತವೆ. ಕ್ಯಾಮೆರಾ ಫೈಲಿನೊಳಗೆ ತೆಗೆದ ದಿನಾಂಕ, ಕೆಲವೊಮ್ಮೆ ಜಾಗವೂ ದಾಖಲಾಗಿರುತ್ತದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದಾಗ ಆ ವಿವರ ಅಳಿಸಿಹೋಗಿರುತ್ತದೆ. ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಇನ್ನು ಅಂಕಿಗಳು. ಲೆಕ್ಕ ಬರಲ್ಲ ಅಂತಲೇ ಬರವಣಿಗೆಗೆ ಬಂದವರು ತುಂಬಾ ಇದ್ದಾರೆ, ಆದರೆ ಇಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬಜೆಟ್ಟಿನಲ್ಲಿ ಗ್ರಂಥಾಲಯದ ಪಾಲು ಶೇ 4 ಇದ್ದದ್ದು ಶೇ 3ಕ್ಕೆ ಇಳಿಯಿತು ಅನ್ನಿ. "ಶೇ 1ರಷ್ಟು ಕಡಿತ" ಅಂತ ಬರೆದರೆ ತಪ್ಪು. ಪಾಲು ಇಳಿದಿರುವುದು ಒಂದು ಶೇಕಡಾವಾರು ಅಂಶ. ಮೊದಲಿದ್ದ ಪಾಲಿಗೆ ಹೋಲಿಸಿದರೆ ಅದು ಶೇ 25ರ ಇಳಿಕೆ. ಸಂಸ್ಥೆಯವರು ಸಣ್ಣ ಸಂಖ್ಯೆ ಹೇಳುತ್ತಾರೆ, ವಿರೋಧಿಗಳು ದೊಡ್ಡದನ್ನು ಹೇಳುತ್ತಾರೆ. ನೀವು "ಶೇ 4ರಿಂದ ಶೇ 3ಕ್ಕೆ ಇಳಿದಿದೆ" ಅಂತ ಎರಡೂ ತುದಿ ಕೊಟ್ಟುಬಿಡಿ, ಓದುಗರಿಗೆ ಅರ್ಥವಾಗುತ್ತದೆ. ಒಟ್ಟು ಬಜೆಟ್ ಹಿಗ್ಗಿದ್ದರೆ, ಪಾಲು ಇಳಿದರೂ ಹಣ ಹೆಚ್ಚಾಗಿರುವ ಸಾಧ್ಯತೆ ಇದೆ. ಅದನ್ನೂ ನೋಡಿಯೇ ಬರೆಯಬೇಕು.

ಗುಂಪಿನ ಲೆಕ್ಕದ್ದೇ ಒಂದು ಕಥೆ. ಸಂಘಟಕರು ಲಕ್ಷ ಅನ್ನುತ್ತಾರೆ, ಪೊಲೀಸರು ಇಪ್ಪತ್ತು ಸಾವಿರ ಅನ್ನುತ್ತಾರೆ. ಇದಕ್ಕೊಂದು ದಾರಿ ತೋರಿಸಿದವರು 1960ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಹರ್ಬರ್ಟ್ ಜೇಕಬ್ಸ್. ಅವರ ಕಚೇರಿಯ ಕಿಟಕಿಯಿಂದ ವಿದ್ಯಾರ್ಥಿಗಳು ಪ್ರತಿಭಟನೆಗೆ ಸೇರುವ ಅಂಗಳ ಕಾಣುತ್ತಿತ್ತು. ಅಂಗಳದ ಕಾಂಕ್ರೀಟ್ ನೆಲ ಚೌಕ ಚೌಕವಾಗಿತ್ತು. ಒಂದು ಚೌಕದಲ್ಲಿ ಎಷ್ಟು ಜನ ನಿಂತಿದ್ದಾರೆ ಅಂತ ಎಣಿಸಿ, ಚೌಕಗಳ ಸಂಖ್ಯೆಯಿಂದ ಗುಣಿಸಿದರು. ಅದರಿಂದ ಬಂದ ಅಳತೆ ಇಂದಿಗೂ ಬಳಕೆಯಲ್ಲಿದೆ. ಕೈ ಚಾಚುವಷ್ಟು ದೂರ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರ ಅಡಿ, ಒತ್ತಾಗಿ ನಿಂತರೆ 4.5 ಚದರ ಅಡಿ, ಉಸಿರುಗಟ್ಟುವಷ್ಟು ಒತ್ತಿದರೆ 2.5 ಚದರ ಅಡಿ. 200 ಅಡಿ ಉದ್ದ, 150 ಅಡಿ ಅಗಲದ ಮೈದಾನ ಅಂದರೆ 30,000 ಚದರ ಅಡಿ. ಒತ್ತಾಗಿ ತುಂಬಿದರೂ ಅದರಲ್ಲಿ ಹಿಡಿಯುವುದು ಸುಮಾರು 6,700 ಜನ. ಅಲ್ಲಿ ಐವತ್ತು ಸಾವಿರ ಜನ ಸೇರಿದ್ದರು ಅಂತ ಯಾರಾದರೂ ಹೇಳಿದರೆ ನೀವು ಸುಮ್ನೆ ಬರೆದುಕೊಂಡು ಬರಬೇಕಿಲ್ಲ.

ನಮ್ಮ ಗ್ರಂಥಾಲಯಕ್ಕೆ ಬರೋಣ. ರಿಜಿಸ್ಟರ್ ಸಿಕ್ಕಿದೆ. ಕಳೆದ ತಿಂಗಳ ಪುಟಗಳಲ್ಲಿ ಒಟ್ಟು 3,000 ಸಹಿ. ಅದರಲ್ಲಿ ಸಂಜೆ 5ರ ನಂತರದವು 1,260. ಅಂದರೆ ಶೇ 42. "ಯಾರೂ ಬರಲ್ಲ" ಅನ್ನುವ ಮಾತು ನಿಲ್ಲಲಿಲ್ಲ. ಸುದ್ದಿ ಸಿಕ್ಕಿತು ಅಂತ ಕುಣಿಯುವ ಹೊತ್ತು ಇದು. ಆದರೆ ಅದೇ ಪ್ರಶ್ನೆಯನ್ನು ಈಗ ನಿಮಗೇ ಕೇಳಿಕೊಳ್ಳಿ. ಕಳೆದ ತಿಂಗಳು ಪರೀಕ್ಷೆ ಇತ್ತಾ? ಬಂದವರೆಲ್ಲ ಸಹಿ ಮಾಡುತ್ತಾರಾ? ಬೇರೆ ತಿಂಗಳ ಪುಟಗಳು ಏನು ಹೇಳುತ್ತವೆ? ಈ ಲೆಕ್ಕವನ್ನು ಆಯುಕ್ತರ ಮುಂದಿಟ್ಟು ಅವರ ಉತ್ತರ ಪಡೆಯದೇ ಬರೆಯಬಾರದು. ಆರೋಪ ಅಥವಾ ವಿರುದ್ಧ ಮಾಹಿತಿ ಇದ್ದಾಗ ಆ ಕಡೆಯವರಿಗೆ ಉತ್ತರಿಸಲು ಸಮಯ ಕೊಡಬೇಕು, ಡೆಡ್‌ಲೈನಿಗೆ ಐದು ನಿಮಿಷ ಇರುವಾಗ ಒಂದು ಮಿಸ್ಡ್ ಕಾಲ್ ಕೊಟ್ಟು "ಸಂಪರ್ಕಕ್ಕೆ ಸಿಗಲಿಲ್ಲ" ಅಂತ ಬರೆಯುವುದು ನ್ಯಾಯವಲ್ಲ.

ಹಂತ 5: ಬರೆಯುವುದು

1865ರ ಏಪ್ರಿಲ್ 14ರ ರಾತ್ರಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಮೇಲೆ ಗುಂಡಿನ ದಾಳಿಯಾಯಿತು. ಅಸೋಸಿಯೇಟೆಡ್ ಪ್ರೆಸ್‌ನ ವರದಿಗಾರ ಲಾರೆನ್ಸ್ ಗೋಬ್ರೈಟ್ ತಂತಿ ಮೂಲಕ ಕಳಿಸಿದ ಮೊದಲ ಸುದ್ದಿಯಲ್ಲಿ ಇದ್ದದ್ದು ಇಷ್ಟು: ಇಂದು ರಾತ್ರಿ ರಂಗಮಂದಿರದಲ್ಲಿ ಅಧ್ಯಕ್ಷರ ಮೇಲೆ ಗುಂಡು ಹಾರಿದೆ, ಬಹುಶಃ ಮಾರಣಾಂತಿಕವಾಗಿ ಗಾಯಗೊಂಡಿದ್ದಾರೆ. ಯಾರು, ಏನು, ಎಲ್ಲಿ, ಯಾವಾಗ, ಎಲ್ಲ ಒಂದೇ ವಾಕ್ಯದಲ್ಲಿ. ಅದರಲ್ಲಿ ನನಗೆ ಹೆಚ್ಚು ಇಷ್ಟವಾಗುವುದು "ಬಹುಶಃ". ಅಷ್ಟು ದೊಡ್ಡ ಸುದ್ದಿ ಕೈಯಲ್ಲಿದ್ದಾಗಲೂ ಗೊತ್ತಿದ್ದದ್ದು ಎಲ್ಲಿಗೆ ಮುಗಿಯಿತು ಅಂತ ಗುರುತು ಹಾಕಿದ್ದಾರೆ.

ಮುಖ್ಯವಾದದ್ದು ಮೊದಲು, ಉಳಿದದ್ದು ಅದರ ಮಹತ್ವಕ್ಕೆ ತಕ್ಕಂತೆ ಕೆಳಗೆ. ಇದನ್ನೇ ತಲೆಕೆಳಗಾದ ಪಿರಮಿಡ್ ಅನ್ನುತ್ತಾರೆ. ವರದಿ ತಿದ್ದಿ ಪುಟ ಕಟ್ಟುವ ಡೆಸ್ಕಿನವರು ಜಾಗ ಸಾಲದೆ ಕೆಳಗಿನಿಂದ ಕತ್ತರಿಸಿದರೂ ಸುದ್ದಿ ಸಾಯಬಾರದು. ಮೊಬೈಲಿನಲ್ಲಿ ಎರಡು ಸಾಲು ಓದಿ ಮುಂದಕ್ಕೆ ಹೋಗುವ ಓದುಗರಿಗೂ ಇದೇ ಸರಿ. ಆದರೆ ಎಲ್ಲ ಬರಹಕ್ಕೂ ಇದು ಹೊಂದುವುದಿಲ್ಲ. ನುಡಿಚಿತ್ರಕ್ಕೆ, ವಿಶೇಷ ವರದಿಗೆ ಬೇರೆ ನಡಿಗೆ ಬೇಕು. ಮೊದಲು ಇದನ್ನು ಕಲಿತು ಆಮೇಲೆ ಮುರಿಯಿರಿ.

ನಮ್ಮ ಸಭೆಯ ಬಗ್ಗೆ ಹೊಸಬರು ಸಾಮಾನ್ಯವಾಗಿ ಬರೆಯುವ ಲೀಡ್, ಅಂದರೆ ವರದಿಯ ಮೊದಲ ಸಾಲು, ಹೀಗಿರುತ್ತದೆ:

"ನಗರಸಭೆಯ ಸಾಮಾನ್ಯ ಸಭೆಯು ಅಧ್ಯಕ್ಷರ ಅಧ್ಯಕ್ಷತೆಯಲ್ಲಿ ಮಂಗಳವಾರ ಸಭಾಂಗಣದಲ್ಲಿ ಜರುಗಿದ್ದು, ಸಭೆಯಲ್ಲಿ ವಿವಿಧ ಅಭಿವೃದ್ಧಿ ವಿಷಯಗಳ ಕುರಿತು ಸುದೀರ್ಘವಾಗಿ ಚರ್ಚಿಸಿ ಹಲವು ಮಹತ್ವದ ನಿರ್ಣಯಗಳನ್ನು ಕೈಗೊಳ್ಳಲಾಯಿತು."

ಸಭೆ ಸಭಾಂಗಣದಲ್ಲಲ್ಲದೆ ಇನ್ನೆಲ್ಲಿ ನಡೆಯುತ್ತದೆ? ನಿರ್ಣಯ ಏನು ಅಂತಲೇ ಇಲ್ಲ. ಈಗ ಇದನ್ನು ನೋಡಿ.

"ನಗರದ ಸಾರ್ವಜನಿಕ ಗ್ರಂಥಾಲಯ ಮುಂದಿನ ತಿಂಗಳ 1ರಿಂದ ಸಂಜೆ 5ಕ್ಕೇ ಬಾಗಿಲು ಮುಚ್ಚಲಿದೆ. ಈಗ ಅದು ರಾತ್ರಿ 8ರವರೆಗೆ ತೆರೆದಿರುತ್ತದೆ.

ಮಂಗಳವಾರ ನಡೆದ ಸಭೆಯಲ್ಲಿ ನಗರಸಭೆ ಸದಸ್ಯರು 19–12 ಮತಗಳಿಂದ ಈ ತೀರ್ಮಾನ ತೆಗೆದುಕೊಂಡರು. ಸಂಜೆ ಯಾರೂ ಬರುವುದಿಲ್ಲ, ಸಿಬ್ಬಂದಿ ಮತ್ತು ವಿದ್ಯುತ್ ಖರ್ಚು ಉಳಿಯುತ್ತದೆ ಎಂದು ಆಯುಕ್ತರು ಹೇಳಿದರು.

ಗ್ರಂಥಾಲಯದ ರಿಜಿಸ್ಟರಿನಲ್ಲಿ ಕಳೆದ ತಿಂಗಳು ದಾಖಲಾದ 3,000 ಭೇಟಿಗಳಲ್ಲಿ 1,260 ಸಂಜೆ 5ರ ನಂತರದವು. ಇದು ಶೇ 42.

ಈ ಲೆಕ್ಕ ತೋರಿಸಿದಾಗ ಆಯುಕ್ತರು, 'ಅದು ಪರೀಕ್ಷೆಯ ತಿಂಗಳು. ವರ್ಷವಿಡೀ ಹಾಗಿರುವುದಿಲ್ಲ' ಎಂದರು. ಇಡೀ ವರ್ಷದ ಲೆಕ್ಕವನ್ನು ಕಚೇರಿ ಬುಧವಾರ ಸಂಜೆಯವರೆಗೆ ಕೊಟ್ಟಿರಲಿಲ್ಲ."

ಇದರ ಕೆಳಗೆ ಓದುಗರ ಮಾತು, ವಿರೋಧಿಸಿದ ಸದಸ್ಯರ ಮಾತು, ಹಿನ್ನೆಲೆ ಬರುತ್ತವೆ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿ. ಮತಗಳ ಸಂಖ್ಯೆ ಸಭೆಯ ನಡಾವಳಿಯಲ್ಲಿದೆ, ಶೇ 42ರ ಲೆಕ್ಕ ರಿಜಿಸ್ಟರಿನಿಂದ ಬಂದದ್ದು, ಪರೀಕ್ಷೆಯ ಮಾತು ಆಯುಕ್ತರದ್ದು. "ಆಯುಕ್ತರು ಸುಳ್ಳು ಹೇಳಿದರು" ಅಂತ ಎಲ್ಲೂ ಇಲ್ಲ. ಎರಡೂ ಪಕ್ಕಪಕ್ಕ ಇವೆ, ಓದುಗರು ನೋಡಿಕೊಳ್ಳುತ್ತಾರೆ.

ಕನ್ನಡದಲ್ಲಿ ಸುದ್ದಿ ಬರೆಯುವವರಿಗೆ ಬೇರೆಯದೇ ಒಂದು ತೊಂದರೆ ಇದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಏನಾಯಿತು ಅನ್ನುವುದಕ್ಕೆ ಓದುಗರು ಕಾಯಬೇಕು. ಮೇಲಿನ ಕೆಟ್ಟ ಲೀಡಿನಲ್ಲಿರುವ "ಜರುಗಿದ್ದು" ನೋಡಿ. "-ದ್ದು" ಹಾಕಿ, ಅಲ್ಪವಿರಾಮ ಕೊಟ್ಟು ಮುಂದಿನ ವಾಕ್ಯವನ್ನು ಅದಕ್ಕೇ ಗಂಟು ಹಾಕುವುದು ನಮ್ಮ ಪತ್ರಿಕೆಗಳ ಅಂಟುಜಾಡ್ಯ. ಅಲ್ಲಿ ಪೂರ್ಣವಿರಾಮ ಇಡಿ. ಹದಿನೈದು ಪದ ದಾಟಿದ ವಾಕ್ಯವನ್ನು ಸಂಶಯದಿಂದ ನೋಡಿ.

"ನಿರ್ಧರಿಸಲಾಯಿತು", "ಕೈಗೊಳ್ಳಲಾಗಿದೆ" ಬರೆಯುವಾಗ ಮಾಡಿದವರು ಯಾರು ಅಂತ ಮರೆಯಾಗುತ್ತದೆ. ಸರ್ಕಾರಿ ಕಚೇರಿಗೆ ಅದು ಅನುಕೂಲ, ವರದಿಗಾರರಿಗೆ ಅಲ್ಲ. "ಎನ್ನಲಾಗಿದೆ", "ಎಂದು ತಿಳಿದುಬಂದಿದೆ" ಇನ್ನೂ ಅಪಾಯ. ಯಾರು ಅಂದರು? ಯಾರಿಂದ ತಿಳಿಯಿತು? ಉತ್ತರ ಇದ್ದರೆ ಅದನ್ನೇ ಬರೆಯಿರಿ. ಇಲ್ಲದಿದ್ದರೆ ಆ ಸಾಲನ್ನೇ ತೆಗೆಯಿರಿ. ಎಷ್ಟೋ ಗಾಳಿಸುದ್ದಿ ಅಚ್ಚಿಗೆ ಬಂದದ್ದು "ಎನ್ನಲಾಗಿದೆ" ಹಿಡಿದುಕೊಂಡೇ.

ಮಾತನ್ನು ವರದಿ ಮಾಡಲು "ಹೇಳಿದರು", "ಎಂದರು" ಸಾಕು. ಪದೇ ಪದೇ ಬಂದರೂ ಓದುಗರಿಗೆ ಕಿರಿಕಿರಿ ಆಗುವುದಿಲ್ಲ. ವೈವಿಧ್ಯ ಬೇಕು ಅಂತ ಬೇರೆ ಕ್ರಿಯಾಪದ ಹಾಕಿದರೆ ತೀರ್ಪು ಒಳಗೆ ನುಸುಳುತ್ತದೆ. "ಸ್ಪಷ್ಟಪಡಿಸಿದರು" ಅಂದರೆ ಅವರು ಹೇಳಿದ್ದು ನಿಜ ಅಂತ ನೀವು ಮುದ್ರೆ ಒತ್ತಿದಂತೆ. "ಒಪ್ಪಿಕೊಂಡರು" ಅಂದರೆ ತಪ್ಪು ಮಾಡಿದ್ದರು ಅಂತ. "ಬೊಬ್ಬೆ ಹಾಕಿದರು" ಅಂದರೆ ಅವರ ಮಾತಿಗೆ ಬೆಲೆ ಇಲ್ಲ ಅಂತ.

ಗೌರವದ ರೂಪಗಳಲ್ಲೂ ಇದೇ ನಡೆಯುತ್ತದೆ. ಸಚಿವರು "ಹೇಳಿದರು", ಕೂಲಿಯವನು "ಹೇಳಿದ". ಇಬ್ಬರೂ ನಿಮ್ಮ ಮುಂದೆ ನಿಂತು ಮಾತಾಡಿದವರೇ ಅಲ್ವಾ? ಬಂಧನವಾದ ಕೂಡಲೇ ಒಬ್ಬರು "ಅವರು" ಹೋಗಿ "ಅವನು" ಆಗುತ್ತಾರೆ. ನ್ಯಾಯಾಲಯ ಇನ್ನೂ ಏನೂ ಹೇಳಿರುವುದಿಲ್ಲ, ಕ್ರಿಯಾಪದದ ಕೊನೆಯ ಅಕ್ಷರ ಆಗಲೇ ಶಿಕ್ಷೆ ಕೊಟ್ಟಿರುತ್ತದೆ. ಸಂಸ್ಥೆಗಳಿಗೆ ತಮ್ಮದೇ ಶೈಲಿ ಇರುತ್ತದೆ. ನಿಮ್ಮ ಕೈಯಲ್ಲಿದ್ದರೆ ಎಲ್ಲರಿಗೂ ಬಹುವಚನ ಹಾಕಿ.

ಕೋಟ್ ಬಗ್ಗೆ ಒಂದೇ ಮಾತು. ಉದ್ಧರಣ ಚಿಹ್ನೆಯೊಳಗೆ ಅವರು ಆಡಿದ ಮಾತು ಮಾತ್ರ ಇರಬೇಕು. ಚೆಂದ ಕಾಣಲಿ ಅಂತ ತಿದ್ದುವಂತಿಲ್ಲ. ಮಾತು ಗೊಂದಲವಾಗಿದ್ದರೆ ಚಿಹ್ನೆ ತೆಗೆದು ಸಾರಾಂಶ ಬರೆಯಿರಿ. ಮಾಹಿತಿಯನ್ನು ನೀವೇ ಹೇಳಬಹುದು. ಕೋಟ್‌ಗೆ ಭಾವನೆ, ಅನುಭವ, ವಿವಾದದ ಮಾತು ಉಳಿಸಿಕೊಳ್ಳಿ.

ಹಂತ 6: ತಲೆಬರಹ

ಡೆಸ್ಕಿನವರು ಕೊಡುತ್ತಾರೆ, ಆದರೂ ನೀವೊಂದು ಬರೆದು ಕೊಡಿ. ವರದಿಯಲ್ಲಿ ಇಲ್ಲದ್ದು ತಲೆಬರಹದಲ್ಲಿ ಇರಬಾರದು. "ಗ್ರಂಥಾಲಯ ಇನ್ನು ಸಂಜೆ 5ಕ್ಕೇ ಬಂದ್" ಸಾಕು. "ಓದುಗರಿಗೆ ಬಿಗ್ ಶಾಕ್!" ಅಂದರೆ ಯಾರಿಗೆ ಏನಾಯಿತು ಅಂತ ಏನೂ ತಿಳಿಯುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಆರೋಪ ಹೊರಿಸುವುದು ಹೇಡಿತನ.

ಹಂತ 7: ಯಾರಿಗೆ ಪೆಟ್ಟಾಗುತ್ತದೆ ಅಂತ ನೋಡುವುದು

ಪ್ರಕಟಿಸುವ ಗುಂಡಿ ಒತ್ತುವ ಮುಂಚೆ ವರದಿಯಲ್ಲಿ ಬಂದ ಪ್ರತಿಯೊಬ್ಬರ ಜಾಗದಲ್ಲೂ ಒಮ್ಮೆ ನಿಂತು ಓದಿ. ಬಂಧಿತರು ಆರೋಪಿ ಮಾತ್ರ, ಅಪರಾಧಿ ಅಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಹಾಕಬಾರದು. ಹೆಸರು ಬಿಟ್ಟು ಊರು, ಶಾಲೆ, ತಂದೆಯ ಕೆಲಸ ಎಲ್ಲ ಬರೆದರೆ ಹೆಸರು ಹಾಕಿದಂತೆಯೇ. ಅಪರಾಧ ಪ್ರಕರಣದಲ್ಲಿ ಸಿಕ್ಕ ಮಕ್ಕಳಿಗೂ ಇದು ಅನ್ವಯ. ಇದು ಬರೀ ಸೌಜನ್ಯವಲ್ಲ, ಭಾರತವೂ ಸೇರಿ ಅನೇಕ ದೇಶಗಳಲ್ಲಿ ಕಾನೂನು.

ಆತ್ಮಹತ್ಯೆಯ ವರದಿಗೆ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆಂದೇ ಮಾರ್ಗಸೂಚಿ ಕೊಟ್ಟಿದೆ. ಯಾವ ವಿಧಾನ, ಯಾವ ಜಾಗ ಅಂತ ವಿವರಿಸಬೇಡಿ. ಒಂದೇ ಕಾರಣಕ್ಕೆ ಕಟ್ಟಬೇಡಿ. ಪತ್ರ, ಫೋಟೊ ಬೇಡ. ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬೇಡಿ. ನೆರವು ಎಲ್ಲಿ ಸಿಗುತ್ತದೆ ಅಂತ ತಪ್ಪದೇ ಹಾಕಿ. ಇಂಥ ವಿವರಗಳನ್ನು ಓದಿದ ಇನ್ನೊಬ್ಬರು ಅದೇ ದಾರಿ ಹಿಡಿಯುವ ಅಪಾಯ ನಿಜಕ್ಕೂ ಇದೆ.

ಹಂತ 8: ಓದಿ, ತಿದ್ದಿ, ಮತ್ತೆ ಹೋಗಿ

ಬರೆದ ಮೇಲೆ ಕಾಪಿಯನ್ನು ದನಿ ತೆಗೆದು ಓದಿ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಮುರಿಯಿರಿ. "ಅದ್ದೂರಿಯಾಗಿ", "ಕಿಕ್ಕಿರಿದು ತುಂಬಿದ", "ಅರ್ಥಪೂರ್ಣವಾಗಿ" ಎಲ್ಲ ಹೊಡೆದು ಹಾಕಿ, ಏನೂ ಕಳೆದುಕೊಳ್ಳುವುದಿಲ್ಲ. ಆಮೇಲೆ ಒಂದು ಪೆನ್ನು ಹಿಡಿದು ಪ್ರತಿ ಹೆಸರು, ಹುದ್ದೆ, ದಿನ, ಸಂಖ್ಯೆಗೆ ನೋಟ್‌ಬುಕ್ ನೋಡಿ ಟಿಕ್ ಹಾಕಿ. ಮಂಗಳವಾರ ಅಂತ ಬರೆದು ಪಕ್ಕದಲ್ಲಿ ಹಾಕಿದ ತಾರೀಖು ಬುಧವಾರದ್ದಾಗಿರುವುದು ಈ ಹೊತ್ತಿನಲ್ಲೇ ಸಿಗುತ್ತದೆ.

ತಪ್ಪು ಅಚ್ಚಾದರೆ ಏನು ತಪ್ಪಾಗಿತ್ತು, ಸರಿ ಏನು ಅಂತ ಎರಡನ್ನೂ ಹೇಳಿ ತಿದ್ದುಪಡಿ ಹಾಕಿ. ವೆಬ್‌ಸೈಟಿನಲ್ಲಿ ಸದ್ದಿಲ್ಲದೆ ಸಾಲು ಬದಲಿಸುವುದು ಬೇಡ. ರಾಕೆಟ್ ನಿರ್ವಾತದಲ್ಲಿ ಕೆಲಸ ಮಾಡುವುದಿಲ್ಲ ಅಂತ 1920ರಲ್ಲಿ ವಿಜ್ಞಾನಿ ರಾಬರ್ಟ್ ಗಾಡರ್ಡ್ ಅವರನ್ನು ಲೇವಡಿ ಮಾಡಿದ್ದ ನ್ಯೂಯಾರ್ಕ್ ಟೈಮ್ಸ್, ಅದನ್ನು ತಿದ್ದಿಕೊಂಡದ್ದು 1969ರ ಜುಲೈ 17ರಂದು. ಅಪೊಲೊ 11 ಚಂದ್ರನ ಕಡೆಗೆ ಹೊರಟ ಮರುದಿನ. ಗಾಡರ್ಡ್ ತೀರಿಕೊಂಡು ಆಗಲೇ ಹತ್ತಿರ ಹತ್ತಿರ 24 ವರ್ಷ ಆಗಿತ್ತು. ನಿಮ್ಮ ತಿದ್ದುಪಡಿ ಮರುದಿನವೇ ಬರಲಿ.

ಅಭ್ಯಾಸಕ್ಕೆ ಕೆಲಸ ಸಿಗುವ ತನಕ ಕಾಯಬೇಕಿಲ್ಲ. ಯಾವುದಾದರೂ ಸಾರ್ವಜನಿಕ ಸಭೆಗೆ ಹೋಗಿ, 300 ಪದದಲ್ಲಿ ವರದಿ ಬರೆಯಿರಿ. ಮರುದಿನ ಎರಡು ಪತ್ರಿಕೆ ತೆಗೆದು ಅವರ ಲೀಡ್ ಯಾವುದು, ನಿಮ್ಮದು ಯಾವುದು ಹೋಲಿಸಿ. ಅದನ್ನೇ 100 ಪದಕ್ಕೆ ಇಳಿಸಿ, ಆಮೇಲೆ 30ಕ್ಕೆ. 30 ಪದದಲ್ಲಿ ಉಳಿದದ್ದೇ ನಿಮ್ಮ ಲೀಡ್ ಆಗಬೇಕಿತ್ತು. ಪ್ರತಿ ವಾಕ್ಯದ ಪಕ್ಕ ಮೂಲ ಬರೆದುಕೊಳ್ಳಿ: ನೋಡಿದ್ದು, ಕೇಳಿದ್ದು, ಕಾಗದ. ಖಾಲಿ ಉಳಿದ ವಾಕ್ಯಗಳನ್ನು ಹೊಡೆದು ಹಾಕಿ.

ಮತ್ತೆ ಫಾಲೋಅಪ್. ಗ್ರಂಥಾಲಯದ ಸುದ್ದಿ ಅಚ್ಚಾದ ದಿನವೇ ಮುಂದಿನ ತಿಂಗಳ 1ನೇ ತಾರೀಖನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಅವತ್ತು ಸಂಜೆ 5ಕ್ಕೆ ಅಲ್ಲಿಗೆ ಹೋಗಿ, ಬಾಗಿಲು ಮುಚ್ಚಿತಾ, ಯಾರು ವಾಪಸ್ ಹೋದರು ಅಂತ ನೋಡಿ ಬನ್ನಿ. ಆಯುಕ್ತರ ಕಚೇರಿಯಿಂದ ಬರಬೇಕಿದ್ದ ವರ್ಷದ ಲೆಕ್ಕವನ್ನು ಅಷ್ಟರೊಳಗೆ ಲಿಖಿತವಾಗಿ ಕೇಳಿ, ಅರ್ಜಿಯ ಸ್ವೀಕೃತಿ ಪಡೆದಿಟ್ಟುಕೊಳ್ಳಿ.